ಯಾವ ಟ್ಯೂನರು ಮೇಲು?

“ಎರಡರಲ್ಲಿ ಯಾವುದು ಮೇಲು?” ಎಂದು ಕೇಳುವುದು ಮನುಷ್ಯನ ಹಳೆಯ ಚಾಳಿ. ದನಗಳ ಜಾತ್ರೆಯಲ್ಲಿ ಎತ್ತಿನ ಜೋಡಿಯ ಮುಂದೆ ನಿಂತ ರೈತನೂ ಇದನ್ನೇ ಕೇಳುತ್ತಾನೆ. ಫಲಿತಾಂಶದ ಹಲಗೆಯ ಮುಂದೆ ನಿಂತ ವಿದ್ಯಾರ್ಥಿಯೂ ಇದನ್ನೇ ಕೇಳುತ್ತಾನೆ. ಕಳೆದ ಬೇಸಿಗೆ ರಜೆಯಲ್ಲಿ ಈ ಪ್ರಶ್ನೆ ಎರಡು ಹಳೆಯ ಜರ್ಮನ್ ಟ್ಯೂನರುಗಳ ರೂಪದಲ್ಲಿ ನಮ್ಮ ಅಂಗಡಿಯ ಮೇಜಿನ ಮೇಲೆ ಬಂದು ಕುಳಿತಿತು. ಉತ್ತರ ಬಹು ಸುಲಭವೆಂದು ನಾನು ಎಣಿಸಿದೆ. ಅಷ್ಟು ಸುಲಭವಲ್ಲವೆಂದು ತಿಳಿಯುವುದಕ್ಕೆ ಹದಿನೈದು ದಿನ ಹಿಡಿಯಿತು.

ನಮ್ಮ ತಂದೆಯವರು ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ‘ರೇಡಿಯೋ’ ಎಂಬುದು ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಈಗ ರಿಪೇರಿಗೆ ಬರುವುದು ಮಿಕ್ಸಿ, ಫ್ಯಾನು, ಪಂಪಿನ ಸ್ಟಾರ್ಟರು. ಅವರು ಏಳನೆಯ ತರಗತಿಗೆ ಓದು ಬಿಟ್ಟವರು. ನಮ್ಮ ವಂಶದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಇಂಗ್ಲಿಷಿನಲ್ಲಿ ಏನು ಬರೆದಿದ್ದರೂ ಓದಿ ಹೇಳುವ ಕೆಲಸ ನನ್ನದು. ಓದಿದ್ದರಲ್ಲಿ ಎಷ್ಟು ನಿಜವೆಂದು ಬಿಚ್ಚಿ ನೋಡುವ ಕೆಲಸ ಅವರದು.

ಟ್ಯೂನರುಗಳನ್ನು ತಂದವರು ಜರ್ಮನಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ನಿವೃತ್ತ ಇಂಜಿನಿಯರೊಬ್ಬರು. ದೊಡ್ಡ ಮನೆ ಬಿಟ್ಟು ಮಗಳ ಬಳಿಗೆ ಹೋಗಿ ಇರುವವರಿದ್ದರು. ಅಲ್ಲಿ ಜಾಗ ಕಡಿಮೆ. “ಎರಡನ್ನೂ ಸರಿಮಾಡಿಕೊಡಿ. ಯಾವುದು ಮೇಲೆಂದು ನೀವೇ ಹೇಳಿ. ಒಂದನ್ನು ಇಟ್ಟುಕೊಳ್ಳುತ್ತೇನೆ, ಇನ್ನೊಂದನ್ನು ಮಾರಿಬಿಡಿ” ಎಂದರು. ಎರಡೂ ಹೆಸರಾದ ಕಾರ್ಖಾನೆಗಳವು. ಹೆಸರು ಹೇಳುವುದು ನ್ಯಾಯವಲ್ಲ. ಅಷ್ಟು ವರ್ಷ ದುಡಿದ ಯಂತ್ರದ ದೋಷ ಕಾಲದ್ದೇ ಹೊರತು ಕಾರ್ಖಾನೆಯದಲ್ಲ. ಒಂದನ್ನು ಮರದ ಪೆಟ್ಟಿಗೆ ಎಂದೂ ಇನ್ನೊಂದನ್ನು ಲೋಹದ ಪೆಟ್ಟಿಗೆ ಎಂದೂ ಕರೆಯುತ್ತೇನೆ. ಮರದ್ದು 1960ರ ದಶಕದ್ದು. ಲೋಹದ್ದು 1980ರ ಈಚಿನದು.

ಟ್ಯೂನರೆಂದರೇನು ಎಂದು ಸಹಪಾಠಿಗಳು ಕೇಳಬಹುದು. ರೇಡಿಯೋದಿಂದ ಸ್ಪೀಕರನ್ನೂ ಧ್ವನಿವರ್ಧಕವನ್ನೂ ತೆಗೆದುಬಿಟ್ಟರೆ ಉಳಿಯುವುದೇ ಟ್ಯೂನರು. ಆಕಾಶದಲ್ಲಿ ತುಂಬಿರುವ ನೂರಾರು ಅಲೆಗಳಲ್ಲಿ ನಮಗೆ ಬೇಕಾದ ಒಂದನ್ನು ಆರಿಸಿ, ಮಿಕ್ಕವನ್ನೆಲ್ಲ ಹೊರಗೆ ನಿಲ್ಲಿಸಿ, ಅದರ ಧ್ವನಿಯನ್ನು ಬಿಡಿಸಿ ಕೊಡುವುದು ಅದರ ಕೆಲಸ. ತಾನಾಗಿ ಅದು ಸದ್ದು ಮಾಡದು.

ಈ ವಿದ್ಯೆಯಲ್ಲಿ ಜರ್ಮನರು ಮುಂದೆ ಬಂದುದಕ್ಕೆ ಒಂದು ಸೋಲು ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಯೂರೋಪಿನ ದೇಶಗಳು ಕೋಪನ್‌ಹೇಗನ್ ನಗರದಲ್ಲಿ ಸೇರಿ ಮಧ್ಯಮ ತರಂಗದ ಸ್ಥಾನಗಳನ್ನು ಹಂಚಿಕೊಂಡವು. ಸೋತ ಜರ್ಮನಿಗೆ ದೊರೆತ ಸ್ಥಾನಗಳು ಅತ್ಯಲ್ಪ. ಆ ಹಂಚಿಕೆ 1950ರಲ್ಲಿ ಜಾರಿಗೆ ಬರುವುದಕ್ಕೆ ಮೊದಲೇ ಅವರು ಬೇರೆ ದಾರಿ ಹುಡುಕಿಕೊಂಡರು. ಯಾರೂ ಹೆಚ್ಚಾಗಿ ಬಳಸದಿದ್ದ ಅತಿ ಹ್ರಸ್ವ ತರಂಗದಲ್ಲಿ, ಅಂದರೆ ನಾವು ಎಫ್‌.ಎಂ. ಎನ್ನುವ ಪದ್ಧತಿಯಲ್ಲಿ, 1949ರ ಫೆಬ್ರವರಿ 28ರಂದು ಮ್ಯೂನಿಕ್‌ನಿಂದಲೂ ಮರುದಿನ ಹ್ಯಾನೋವರ್‌ನಿಂದಲೂ ಪ್ರಸಾರ ಆರಂಭಿಸಿದರು. ನಮ್ಮ ದೇಶದಲ್ಲಿ ಎಫ್‌.ಎಂ. ಮೊದಲು ಕೇಳಿಸಿದ್ದು 1977ರಲ್ಲಿ, ಮದರಾಸಿನಲ್ಲಿ. ಅಷ್ಟು ಹೊತ್ತಿಗೆ ಜರ್ಮನರಿಗೆ ಇಪ್ಪತ್ತೆಂಟು ವರ್ಷದ ಅನುಭವವಾಗಿತ್ತು. ಮನೆಯ ಮುಂಬಾಗಿಲು ಮುಚ್ಚಿದಾಗ ಹಿತ್ತಿಲ ಬಾಗಿಲಿನಿಂದ ಹೊರಟವನು ಹೆದ್ದಾರಿಯನ್ನೇ ಕಂಡಂತಾಯಿತು.

ಈ ಯಂತ್ರಗಳನ್ನು ಮಾಡಿದವರ ಕಥೆಯೂ ಸಾಮಾನ್ಯವಲ್ಲ. ಗ್ರುಂಡಿಗ್ ಕಾರ್ಖಾನೆಯನ್ನು ಕಟ್ಟಿದ ಮ್ಯಾಕ್ಸ್ ಗ್ರುಂಡಿಗ್ 1930ರಲ್ಲಿ ಫ್ಯೂರ್ತ್ ಎಂಬ ಊರಿನಲ್ಲಿ ರೇಡಿಯೋ ಅಂಗಡಿ ಇಟ್ಟವನು. ಮಾರಾಟದ ಜೊತೆಗೆ ರಿಪೇರಿಯೂ ಅವನ ಕಸುಬು. ಯುದ್ಧ ಮುಗಿದ ಕಾಲದಲ್ಲಿ ಸಿದ್ಧ ರೇಡಿಯೋ ಮಾರುವುದಕ್ಕೆ ನಿರ್ಬಂಧವಿತ್ತು. ಅವನು 1946ರಲ್ಲಿ ‘ಹೈನ್ಸೆಲ್‌ಮಾನ್’ ಎಂಬ ಹೆಸರಿನಲ್ಲಿ, ವಾಲ್ವುಗಳಿಲ್ಲದ ಬಿಡಿಭಾಗಗಳ ಪೆಟ್ಟಿಗೆಯನ್ನು ಆಟಿಕೆಯೆಂದು ಮಾರಿದ. ಕೊಂಡವರು ವಾಲ್ವು ಹೊಂದಿಸಿ ತಾವೇ ಜೋಡಿಸಿಕೊಂಡರು. ಸಾಬಾ ಎಂಬ ಸಂಸ್ಥೆ ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ 1835ರಲ್ಲಿ ಗಡಿಯಾರ ಮಾಡುತ್ತ ಹುಟ್ಟಿತು. ಗಡಿಯಾರದವರ ಕೈಗುಣ ರೇಡಿಯೋಗೂ ಬಂದಿರಬೇಕು. 1950ರ ದಶಕದಲ್ಲೇ ಅವರ ‘ಫ್ರೈಬುರ್ಗ್’ ಮಾದರಿಯ ರೇಡಿಯೋಗಳಲ್ಲಿ ಒಂದು ಸಣ್ಣ ಮೋಟಾರು ಮುಳ್ಳನ್ನು ತಾನೇ ಸರಿಸಿ ಸ್ಟೇಷನ್ನು ಹುಡುಕುತ್ತಿತ್ತು. ಬ್ರೌನ್ ಸಂಸ್ಥೆಗೆ 1955ರಲ್ಲಿ ಸೇರಿದ ಡೀಟರ್ ರಾಮ್ಸ್ ಬಡಗಿ ಕೆಲಸ ಕಲಿತವನು. ಬಂಗಾರದ ಪಟ್ಟಿ, ಹೊಳೆಯುವ ಮರದ ಮೆರುಗು ಎಲ್ಲವನ್ನೂ ತೆಗೆದುಹಾಕಿ, ಬೇಕಾದ ಗುಂಡಿಗಳಷ್ಟನ್ನೇ ಸಾಲಾಗಿ ಇಟ್ಟ ಬಿಳಿಯ ಪೆಟ್ಟಿಗೆಗಳನ್ನು ಆತ ರೂಪಿಸಿದ. ಸ್ಟುಟ್‌ಗಾರ್ಟ್ ಕಡೆಯ ಕ್ಲೈನ್ ಉಂಡ್ ಹುಮ್ಮೆಲ್ ಮುಖ್ಯವಾಗಿ ಸ್ಟುಡಿಯೋಗಳಿಗೆ ಯಂತ್ರ ಮಾಡುತ್ತಿದ್ದ ಸಣ್ಣ ಸಂಸ್ಥೆ, ಅವರ ‘ಎಫ್‌.ಎಂ. 2002’ ಟ್ಯೂನರನ್ನು ಹಳೆಯ ಯಂತ್ರಗಳ ಸಂಗ್ರಾಹಕರು ಇಂದಿಗೂ ಆಸೆಪಟ್ಟು ಹುಡುಕುತ್ತಾರೆ.

ಇವುಗಳನ್ನು ಹೋಲಿಸುವವರು ಸಾಮಾನ್ಯವಾಗಿ ಅಂಕಿಗಳ ಪಟ್ಟಿ ಮಾಡುತ್ತಾರೆ. ಮೊದಲನೆಯದು ಸೂಕ್ಷ್ಮತೆ: ಎಷ್ಟು ಕ್ಷೀಣವಾದ ಅಲೆಯನ್ನು ಹಿಡಿಯಬಲ್ಲದು ಎಂಬುದು. ಇದನ್ನು ಮೈಕ್ರೋವೋಲ್ಟಿನಲ್ಲಿ ಅಳೆಯುತ್ತಾರೆ. ಎರಡನೆಯದು ಆಯ್ಕೆಯ ಶಕ್ತಿ: ಪಕ್ಕದ ಸ್ಟೇಷನ್ನನ್ನು ಎಷ್ಟು ಚೆನ್ನಾಗಿ ದೂರವಿಡುತ್ತದೆ ಎಂಬುದು. ಮೂರನೆಯದು ಸ್ಟೀರಿಯೋದಲ್ಲಿ ಎಡದ ಧ್ವನಿ ಬಲಕ್ಕೆ, ಬಲದ್ದು ಎಡಕ್ಕೆ ಸೋರದಿರುವುದು. ಜರ್ಮನರು 1960ರ ದಶಕದಲ್ಲಿ ‘ಡಿನ್ 45500’ ಎಂಬ ನಿಯಮಾವಳಿ ಮಾಡಿ, ಇಷ್ಟು ಇದ್ದರೆ ಮಾತ್ರ ಹೈಫೈ ಎಂಬ ಹೆಸರು ಸಲ್ಲುತ್ತದೆ ಎಂದು ಕಟ್ಟುಮಾಡಿದರು. ಟ್ಯೂನರು 40ರಿಂದ 12,500 ಹರ್ಟ್ಸ್‌ವರೆಗಿನ ಧ್ವನಿಯನ್ನು ಸಮವಾಗಿ ಕೊಡಬೇಕು ಎಂಬುದು ಅದರಲ್ಲೊಂದು. ಇದು ಪಾಸಾಗುವ ಅಂಕ ಮಾತ್ರ. ಒಳ್ಳೆಯ ಯಂತ್ರಗಳು ಇದನ್ನು ಸುಲಭವಾಗಿ ದಾಟುತ್ತಿದ್ದವು.

ಈ ಮೂರು ಗುಣಗಳೂ ಒಂದಕ್ಕೊಂದು ಹೊಂದಿಕೊಂಡು ಹೋಗುವುದಿಲ್ಲ ಎಂಬುದನ್ನು ಪಟ್ಟಿ ಓದುವವರು ಮರೆಯುತ್ತಾರೆ. ಪಕ್ಕದ ಸ್ಟೇಷನ್ನು ನುಸುಳಬಾರದೆಂದು ಬಾಗಿಲನ್ನು ಕಿರಿದು ಮಾಡಿದರೆ, ಬೇಕಾದ ಸ್ಟೇಷನ್ನಿನ ಧ್ವನಿಯ ಅಂಚುಗಳೂ ಸವೆಯುತ್ತವೆ, ಸ್ಟೀರಿಯೋ ಕೆಡುತ್ತದೆ. ಬಾಗಿಲನ್ನು ಅಗಲ ಮಾಡಿದರೆ ಧ್ವನಿ ಸೊಗಸು, ಆದರೆ ನೆರೆಯವನ ಗಲಾಟೆಯೂ ಒಳಗೆ ಬರುತ್ತದೆ. ಪ್ರತಿಯೊಂದು ಕಾರ್ಖಾನೆಯೂ ಈ ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿಮಾಡಿಕೊಂಡಿದೆ. ಆದುದರಿಂದ ನೂರಾರು ಸ್ಟೇಷನ್ನುಗಳು ಕಿಕ್ಕಿರಿದ ಜರ್ಮನಿಯಲ್ಲಿ ಮೇಲೆನಿಸಿದ ಟ್ಯೂನರು, ಒಂದೇ ಊರಿನ ಖಾಸಗಿ ಸ್ಟೇಷನ್ನುಗಳ ನಡುವೆ 800 ಕಿಲೋಹರ್ಟ್ಸ್ ಅಂತರ ಇಟ್ಟಿರುವ ನಮ್ಮ ದೇಶದಲ್ಲಿಯೂ ಮೇಲೆಂದೇ ಹೇಳಲಾಗದು.

ನಾನಂತೂ ಆ ದಿನ ಇದಾವುದನ್ನೂ ಯೋಚಿಸಲಿಲ್ಲ. ಎರಡೂ ಯಂತ್ರಗಳ ಅಂಕಿಗಳನ್ನು ಮೊಬೈಲಿನಲ್ಲಿ ಹುಡುಕಿ, ಕಾಗದದ ಮೇಲೆ ಗೆರೆ ಎಳೆದು, ಅಂದವಾದ ಪಟ್ಟಿ ಮಾಡಿ ತಂದೆಯವರ ಮುಂದಿಟ್ಟೆ. ಎಲ್ಲ ಸಾಲಿನಲ್ಲಿಯೂ ಲೋಹದ ಪೆಟ್ಟಿಗೆಗೇ ಹೆಚ್ಚು ಅಂಕ. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ನೋಡಿದರು. “ನಂಬರ್ ಓದ್ಕಂಡ್ ಬಂದೆ, ಸರಿ. ಬಿಚ್ಚಿ ನೋಡ್ದಾ?” ಎಂದರು.

ಬಿಚ್ಚಿದೆವು. ಮರದ ಪೆಟ್ಟಿಗೆಯಲ್ಲಿ ಡಯಲ್ ದಾರ ಕಡಿದಿತ್ತು, ನಾಲ್ಕೈದು ಕಂಡೆನ್ಸರುಗಳು ಒಣಗಿದ್ದವು. ಆದರೆ ಗ್ಯಾಂಗ್ ಕಂಡೆನ್ಸರು, ಐ.ಎಫ್‌.ಟಿ. ಡಬ್ಬಿಗಳು, ಒಂದೊಂದು ತಂತಿಯೂ ಕಣ್ಣಿಗೆ ಕಾಣುವಂತೆ, ಕೈಗೆ ಎಟಕುವಂತೆ ಇದ್ದವು. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ನಕ್ಷೆಯೊಂದು ಸಿಕ್ಕಿತು. ಭಾಷೆ ಜರ್ಮನ್ ಆದರೂ ನಕ್ಷೆಯ ಭಾಷೆ ಒಂದೇ ತಾನೆ? ನನಗೆ ಒಂದು ಗೆರೆಯೂ ಅರ್ಥವಾಗದ ಆ ಹಾಳೆಯನ್ನು ಅವರು ಪಂಚಾಂಗ ಓದುವಂತೆ ಓದಿದರು. ಒಂದು ಪದ ಮಾತ್ರ ಮೇಲಿಂದ ಮೇಲೆ ಬರುತ್ತಿತ್ತು: ‘ಅಬ್‌ಗ್ಲೈಶ್’. ಮೊಬೈಲಿನಲ್ಲಿ ನೋಡಿದರೆ ‘ಹೊಂದಾಣಿಕೆ’ ಎಂದಿತು. ಐ.ಎಫ್‌.ಟಿ.ಗಳನ್ನು ತಿರುಗಿಸಿ 10.7 ಮೆಗಾಹರ್ಟ್ಸ್‌ಗೆ ಕೂಡಿಸುವ ಕೆಲಸ ಅದು. ಲೋಹದ ಸ್ಕ್ರೂಡ್ರೈವರು ತಗುಲಿದರೆ ಕಾಯಿಲಿನ ಗುಣವೇ ಬದಲಾಗುವುದರಿಂದ, ತಂದೆಯವರು ಬಿದಿರಿನ ಕಡ್ಡಿಯೊಂದನ್ನು ಚೂಪು ಮಾಡಿಕೊಂಡು ಎರಡು ರಾತ್ರಿ ಕುಳಿತು ಹೊಂದಿಸಿದರು. ಡಯಲ್ ದಾರಕ್ಕೆ ಮೀನುಗಾಳದ ದಾರ ಒದಗಿತು.

ಆ ಯಂತ್ರದ ಒಳಗೆ ನನ್ನ ಮನಸ್ಸಿಗೆ ಹಿಡಿದ ಸಂಗತಿ ಇನ್ನೊಂದಿತ್ತು. ಸ್ಟೀರಿಯೋ ಬಿಡಿಸುವ ಭಾಗ ಬೇರೆಯೇ ಒಂದು ಸಣ್ಣ ಹಲಗೆಯಾಗಿದ್ದು, ಸಾಕೆಟ್ಟಿನಲ್ಲಿ ಸಿಕ್ಕಿಸಿತ್ತು. ಜರ್ಮನಿಯಲ್ಲಿ ಸ್ಟೀರಿಯೋ ಪ್ರಸಾರ ಮೊದಲಾದುದು 1963ರ ಆಗಸ್ಟ್‌ನಲ್ಲಿ, ಬರ್ಲಿನ್ ರೇಡಿಯೋ ಪ್ರದರ್ಶನದ ಸಮಯದಲ್ಲಿ. ಅದು ಬರುತ್ತದೆಂದು ತಿಳಿದಿದ್ದ ಕಾರ್ಖಾನೆಗಳು ಮೊದಲೇ ಸಾಕೆಟ್ಟನ್ನು ಬಿಟ್ಟು ಯಂತ್ರ ಮಾರಿದವು. ಪ್ರಸಾರ ಬಂದ ಮೇಲೆ ಜನ ಆ ಹಲಗೆಯೊಂದನ್ನೇ ಕೊಂಡು ಸಿಕ್ಕಿಸಿಕೊಂಡರು. ಮುಂದೆ ಬರುವವನಿಗೆಂದು ಪಂಕ್ತಿಯಲ್ಲಿ ಒಂದು ಎಲೆ ಹಾಕಿಟ್ಟಂತೆ.

ಲೋಹದ ಪೆಟ್ಟಿಗೆಯ ಕಥೆ ಬೇರೆ. ಅದರಲ್ಲಿ ಮುಳ್ಳಿಲ್ಲ, ದಾರವಿಲ್ಲ. ಹೊಳೆಯುವ ಅಂಕಿಗಳೇ ಸ್ಟೇಷನ್ನನ್ನು ತೋರಿಸುತ್ತವೆ. ಸ್ಟೇಷನ್ನುಗಳನ್ನು ನೆನಪಿಟ್ಟುಕೊಳ್ಳಲು ಹಾಕಿದ್ದ ಪುಟ್ಟ ಬ್ಯಾಟರಿ ಸೋರಿ, ಹಲಗೆಯ ತಾಮ್ರದ ಗೆರೆಗಳನ್ನು ತಿಂದಿತ್ತು. ಒಂದೊಂದು ಗೆರೆಯ ಜಾಗದಲ್ಲಿಯೂ ಕೂದಲೆಳೆಯಂಥ ತಂತಿ ಬೆಸೆದು ತಂದೆಯವರು ಜೀವ ಬರಿಸಿದರು. ಆದರೂ ಕೊನೆಯ ಅಂಕಿಯ ಒಂದು ಗೆರೆ ಬೆಳಗಲಿಲ್ಲ. 8 ಬರಬೇಕಾದಲ್ಲಿ 6 ಕಾಣುತ್ತದೆ. ಅದನ್ನು ನಡೆಸುವ ಚಿಪ್ಪು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಅದರೊಳಗೆ ಏನಾಗಿದೆ ಎಂದು ನೋಡುವುದಕ್ಕೆ ಬಿಚ್ಚಲು ತಿರುಪೂ ಇಲ್ಲ.

ಎರಡೂ ಎದ್ದು ನಿಂತ ಮೇಲೆ ಒಂದು ರಾತ್ರಿ ಪರೀಕ್ಷೆ ನಡೆಯಿತು. 100 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರು. ಅದರ ಅರ್ಧದಷ್ಟು ಉದ್ದದ ಅಲ್ಯೂಮಿನಿಯಂ ಕೊಳವೆಯ ಆಂಟೆನಾ ಮಾಡಿ ಅಂಗಡಿಯ ಮೇಲೆ ಕಟ್ಟಿದೆವು. ನಮಗೆ ಮೈಸೂರು ಹತ್ತಿರ, ಬೆಂಗಳೂರು ದೂರ. ಮೈಸೂರು ಆಕಾಶವಾಣಿ 100.6ರಲ್ಲಿ, ಬೆಂಗಳೂರಿನ ಎಫ್‌.ಎಂ. ರೇನ್‌ಬೋ 101.3ರಲ್ಲಿ. ಬಲವಾದ ನೆರೆಯವನ ಪಕ್ಕದಲ್ಲಿ ಕ್ಷೀಣವಾದ ದೂರದವನನ್ನು ಹಿಡಿಯುವುದೇ ಟ್ಯೂನರಿಗೆ ತಕ್ಕ ಪರೀಕ್ಷೆ. (1950ರ ದಶಕದ ಜರ್ಮನ್ ಸೆಟ್ಟಾಗಿದ್ದರೆ ಈ ಪರೀಕ್ಷೆಗೆ ಕೂರುವುದಕ್ಕೇ ಬರುತ್ತಿರಲಿಲ್ಲ, ಅವುಗಳ ಎಫ್‌.ಎಂ. ಪಟ್ಟಿ 100ಕ್ಕೇ ಮುಗಿಯುತ್ತಿತ್ತು. ನಮ್ಮ ಮರದ ಪೆಟ್ಟಿಗೆಯದು 104ರವರೆಗೆ.)

ಪರೀಕ್ಷೆಯ ಫಲವನ್ನು ಮುಚ್ಚಿಡದೆ ಹೇಳುತ್ತೇನೆ. ಮೈಸೂರನ್ನು ಎರಡೂ ಸಮನಾಗಿ ಕೇಳಿಸಿದವು. ಕಣ್ಣುಮುಚ್ಚಿ ಕುಳಿತರೆ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿದ ನಿಲಯವದು. ‘ಆಕಾಶವಾಣಿ’ ಎಂಬ ಹೆಸರನ್ನು ಪಡೆದದ್ದೂ ಅದೇ. ಬೆಂಗಳೂರಿನ ಸರದಿ ಬಂದಾಗ ಲೋಹದ ಪೆಟ್ಟಿಗೆ ಗೆದ್ದಿತು. ಅದರಲ್ಲಿ ಸ್ಟೀರಿಯೋ ನಿಚ್ಚಳವಾಗಿ ಬಂತು. ಮರದ್ದರಲ್ಲಿ ಮಳೆ ಸುರಿದಂತೆ ಸದ್ದು. ಸ್ಟೀರಿಯೋ ಬಿಟ್ಟು ಮಾನೋ ಗುಂಡಿ ಒತ್ತಿದ ಮೇಲೆ ಮಾತ್ರ ಹಾಡು ತಿಳಿಯಾಯಿತು. ಅರ್ಧ ಗಂಟೆ ಕಳೆದರೆ ಮುಳ್ಳನ್ನು ಕೂದಲಷ್ಟು ಸರಿಸಲೂಬೇಕಾಗಿತ್ತು. ನನ್ನ ಪಟ್ಟಿ ಸುಳ್ಳಾಗಲಿಲ್ಲ.

ಹಾಗಿದ್ದೂ ಮರದ ಪೆಟ್ಟಿಗೆಯೇ ಮೇಲೆಂದು ಇಂದು ನಾನು ವಾದಿಸುತ್ತೇನೆ. ಏಕೆಂದರೆ ನನ್ನ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಿತ್ತು: ಕೆಟ್ಟರೆ ಇನ್ನೊಬ್ಬನ ಕೈಗೆ ಒಪ್ಪುತ್ತದೆಯೆ?

ಹಳೆಯ ಯಂತ್ರದ ಕಾಗದದಲ್ಲಿರುವ ಅಂಕಿ ಅದು ಹುಟ್ಟಿದ ದಿನದ ಅಂಕಿ. ಅರವತ್ತು ವರ್ಷದ ಹಿಂದಿನ ಮೈಕ್ರೋವೋಲ್ಟನ್ನು ಇಂದು ಓದುವುದು, ಅರವತ್ತು ವರ್ಷದವನ ಶಕ್ತಿಯನ್ನು ಅವನ ಹತ್ತನೆಯ ತರಗತಿಯ ಅಂಕಪಟ್ಟಿ ನೋಡಿ ಅಳೆದಂತೆ. ಇಂದು ಅದು ಹೇಗೆ ಹಾಡುತ್ತದೆ ಎಂಬುದು ನಡುವೆ ಅದನ್ನು ಮುಟ್ಟಿದ ಕೈಗಳ ಮೇಲೆ ನಿಂತಿದೆ. ಆ ಕೈಗಳಿಗೆ ಎಡೆಗೊಟ್ಟ ಯಂತ್ರ ಉಳಿಯುತ್ತದೆ. ಎಡೆಗೊಡದ ಯಂತ್ರ ಎಷ್ಟೇ ಬುದ್ಧಿವಂತವಾದರೂ ಒಂದು ಚಿಪ್ಪಿನ ಆಯುಷ್ಯದಷ್ಟೇ ಬದುಕುತ್ತದೆ. ಈ ಮಾತನ್ನು ಜರ್ಮನಿಯಲ್ಲಿಯೇ ಹೇಳಿದವರೊಬ್ಬರಿದ್ದರು. ಪೂರ್ವ ಜರ್ಮನಿಯ ಕಾರ್ಲ್ ಕ್ಲೌಸ್ ಡೀಟೆಲ್ ಎಂಬ ವಿನ್ಯಾಸಕ ‘ತೆರೆದ ತತ್ತ್ವ’ವೆಂಬುದನ್ನು ಪ್ರತಿಪಾದಿಸಿದ. ವಸ್ತುವಿನ ಭಾಗಗಳು ಬಿಡಿಬಿಡಿಯಾಗಿ ಕಾಣಬೇಕು, ಬಳಸುವವನೇ ಬಿಚ್ಚಿ ಬದಲಿಸುವಂತಿರಬೇಕು ಎಂಬುದು ಅದರ ತಿರುಳು. ಲುಟ್ಸ್ ರುಡಾಲ್ಫ್ ಎಂಬವನ ಜೊತೆಗೂಡಿ ಆತ ಹೆಲಿ ರೇಡಿಯೋಗಳನ್ನೂ ಸಿಮ್ಸನ್ ಮೊಪೆಡ್ಡುಗಳನ್ನೂ ರೂಪಿಸಿದ.

ಈ ವಾದಕ್ಕೆ ಎದುರುಮಾತು ಇಲ್ಲದಿಲ್ಲ. ನಮ್ಮ ಅಧ್ಯಾಪಕರೊಬ್ಬರಿಗೆ ಹೇಳಿದಾಗ ಅವರು ನಕ್ಕು, “ಕೊಡ ನೀರು ತರುವುದಕ್ಕಿದೆಯಪ್ಪಾ, ಬೆಸುಗೆ ಹಾಕಿಸುವುದಕ್ಕಲ್ಲ” ಎಂದರು. ಒಪ್ಪತಕ್ಕ ಮಾತು. ಸಂಗೀತ ಕೇಳುವವನಿಗೆ ಬೇಕಾದುದು ಸಂಗೀತ. ರಿಪೇರಿಯವನ ಮಗನಾದುದರಿಂದ ರಿಪೇರಿಯೇ ನನಗೆ ದೊಡ್ಡದಾಗಿ ಕಂಡಿರಲೂಬಹುದು. ಆದರೆ ತೂತುಬಿದ್ದ ದಿನ ಬೆಸುಗೆ ಹಿಡಿಯದ ಕೊಡ ಅಂದಿನಿಂದ ನೀರನ್ನೂ ತರುವುದಿಲ್ಲವಲ್ಲ ಎಂಬುದೇ ನನ್ನ ಚಿಂತೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ಪ್ರಸಾರವೇ ನಿಂತರೆ ರಿಪೇರಿಯಾದ ಟ್ಯೂನರಿನಿಂದ ಏನು ಫಲ? ನಾರ್ವೆ ದೇಶ 2017ರಲ್ಲಿ ರಾಷ್ಟ್ರೀಯ ನಿಲಯಗಳ ಎಫ್‌.ಎಂ. ನಿಲ್ಲಿಸಿತು. ಜರ್ಮನಿಯ ನೆರೆಯ ಸ್ವಿಟ್ಸರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಡಿಸೆಂಬರ್ 31ರಂದು ತನ್ನ ಎಫ್‌.ಎಂ. ಪ್ರಸಾರಕ್ಕೆ ತೆರೆ ಎಳೆಯಿತು. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಯಂತ್ರ ತನ್ನ ಕಡೆಯಿಂದ ಸಿದ್ಧವಾಗಿರಬೇಕು. ಆಕಾಶ ಬರಿದಾದರೆ ತಪ್ಪು ಅದರದಲ್ಲ ಎನ್ನಬಲ್ಲೆ, ಅಷ್ಟೆ. ನಮ್ಮಲ್ಲಿಯಂತೂ ಎಫ್‌.ಎಂ. ಇನ್ನೂ ತುಂಬಿ ಹರಿಯುತ್ತಿದೆ. ಹುಟ್ಟಿದ ಖಂಡದಲ್ಲಿ ಮೂಕವಾಗುತ್ತಿರುವ ಯಂತ್ರಗಳಿಗೆ ಇಲ್ಲಿ ಮಾತಿದೆ.

ಇಂಜಿನಿಯರು ಬಂದು ಎರಡನ್ನೂ ಕೇಳಿದರು. ಯಾವುದು ಮೇಲೆಂದು ಕೇಳಿದಾಗ ತಂದೆಯವರು, “ಕೇಳಕ್ಕೆ ಅದು ಸಾರ್, ಬಾಳಕ್ಕೆ ಇದು” ಎಂದು ಮರದ ಪೆಟ್ಟಿಗೆಯನ್ನು ತೋರಿಸಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಎಪ್ಪತ್ತೆಂಟು. ಬಾಳುವುದು ಯಾರಾದರೂ ಹುಡುಗರಿಗಿರಲಿ” ಎಂದು ಲೋಹದ್ದನ್ನು ಎತ್ತಿಕೊಂಡರು. ಅವರ ಲೆಕ್ಕವೂ ತಪ್ಪಲ್ಲ.

ಮರದ ಪೆಟ್ಟಿಗೆಯನ್ನು ಕೊಳ್ಳಲು ಇದುವರೆಗೆ ಯಾರೂ ಬಂದಿಲ್ಲ. ಬೆಳಗ್ಗೆ ಅಂಗಡಿ ತೆರೆದೊಡನೆ ತಂದೆಯವರು ಅದನ್ನು ಹಚ್ಚುತ್ತಾರೆ. ಮಿಕ್ಸಿ ತಂದವರು ನಿಂತು, ಇದು ಯಾವ ಕಾಲದ್ದು ಎಂದು ಕೇಳುತ್ತಾರೆ. ಈ ಪತ್ರಿಕೆಯ ವಾಚಕರಲ್ಲಿ ನನ್ನ ಬಿನ್ನಹ ಇಷ್ಟೆ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ರೇಡಿಯೋ ಇದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಬಲ್ಲವರ ಕೈಯಲ್ಲಿ ಒಮ್ಮೆ ಬಿಚ್ಚಿಸಿ ನೋಡಿ. ಬಿಚ್ಚಬಲ್ಲವರು ಪ್ರತಿ ಊರಿನಲ್ಲಿಯೂ ಇನ್ನೂ ಒಬ್ಬಿಬ್ಬರಾದರೂ ಇದ್ದಾರೆ. ನಮ್ಮ ತಂದೆಯವರಿಗೆ ಈಗ ಅರವತ್ತೊಂದು. ಆ ಬಿದಿರಿನ ಕಡ್ಡಿಯನ್ನು ಹಿಡಿಯುವುದು ನನಗೆ ಇನ್ನೂ ಬಂದಿಲ್ಲ. ಪರೀಕ್ಷೆ ಮುಗಿದ ಮೇಲೆ ಕಲಿಯಬೇಕೆಂದಿದ್ದೇನೆ.